ಗೋಪಾಳದ ಗೋಡೆಗೆ ಬಂದ ರೋಲರ್ ಕೋಸ್ಟರ್

ಹೋದ ವಾರ ಕಾಲೇಜು ಮುಗಿಸಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದಾಗ ಮಾಚೇನಹಳ್ಳಿಯ ಹತ್ತಿರ ಬಸ್ಸಿನ ಎದುರಿಗೆ ಎಮ್ಮೆಯೊಂದು ಬಂದು ನಿಂತಿತು. ಡ್ರೈವರು ಬ್ರೇಕಿನ ಮೇಲೆ ಎದ್ದು ನಿಂತ. ನಿಂತಿದ್ದವರು ಕೂತವರ ಮೇಲೆ ಬಿದ್ದರು, ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಎಮ್ಮೆ ತನ್ನ ಪಾಡಿಗೆ ದಾಟಿಕೊಂಡು ಹೋಯಿತು. ಆಮೇಲೆ ಕಿಟಕಿಯಿಂದ ವಾಸನೆ ಬಂತು: ಕಾದ ಕಬ್ಬಿಣ, ಸುಟ್ಟ ಬ್ರೇಕು, ಗ್ರೀಸು. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಅದು ಗುರುತಿನ ವಾಸನೆ. ಮಲೇಷ್ಯಾದ ಒಂದು ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಬಂದು ನಿಲ್ಲುವ ಜಾಗದಲ್ಲಿ ಇದೇ ವಾಸನೆ ಇತ್ತು. ಅದು ಮೂಗಿಗೆ ಬಡಿದರೆ ಸಾಕು, ಆ ವರ್ಷದ ಬೇಸಿಗೆ, ಅದರ ಬೆನ್ನಿಗೆ ಬಂದ ಮಳೆಗಾಲ, ನೆಲದ ಮೇಲೆ ಹರಡಿದ ಗಾಜು, ಎಲ್ಲ ಒಟ್ಟಿಗೇ ಬರುತ್ತವೆ.

ಆ ವರ್ಷ ನನಗೆ ಹೊಸದಾಗಿ ಮದುವೆಯಾಗಿತ್ತು. ನಮ್ಮ ಕಡೆ ನನಗಿಂತ ಮೊದಲು ಕಾಲೇಜಿಗೆ ಹೋದವರಿಲ್ಲ. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ಅದು ನಿಂತ ಮೇಲೆ ಸಿಕ್ಕ ಕೂಲಿ. ಅಮ್ಮ ನಾಲ್ಕು ಮನೆ ಪಾತ್ರೆ ತಿಕ್ಕಿದಳು. ಬೀದಿದೀಪದ ಕೆಳಗೆ ಓದಿದ ಕತೆ ನನ್ನದಲ್ಲ. ಮನೆಯಲ್ಲಿ ಕರೆಂಟ್ ಇತ್ತು, ಓದು ಎಂದು ಹೇಳುವವರು ಇರಲಿಲ್ಲ, ಅಷ್ಟೆ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ ಪಿಯು ಕಾಲೇಜಿನಲ್ಲಿ ಲೆಕ್ಚರರ್ ಆದೆ. ಯಾರ ಶಿಫಾರಸೂ ಇಲ್ಲದೆ ಬಂದದ್ದಾದ್ದರಿಂದ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗಂಡನ ಮನೆಯವರು ಹೊಳಲೂರಿನಲ್ಲಿ ಗದ್ದೆ ಇದ್ದವರು, ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿದವರು. ನನ್ನ ಗಂಡ ಮಂಜುನಾಥ ಬ್ಯಾಂಕಿನ ನೌಕರ. ನಾವಿಬ್ಬರೂ ವಿನೋಬನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಗೋಪಾಳದ ಮನೆಯಲ್ಲಿ ಅತ್ತೆ, ನನ್ನ ಗಂಡನ ಅಣ್ಣ ರಾಜಶೇಖರ ಭಾವ, ಅವರ ಹೆಂಡತಿ ಶೈಲಕ್ಕ. ಅವರ ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಶೈಲಕ್ಕನೂ ಭದ್ರಾವತಿಯವಳೇ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಕುಮಾರನನ್ನು ಎತ್ತಿ ಬೆಳೆಸಿದವಳು ಅವಳೇ. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ ಎಂದು ಅತ್ತೆ ಮದುವೆಯ ವಾರದಲ್ಲೇ ನನಗೆ ಹೇಳಿದ್ದರು. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದ್ದರು.

ಭಾವನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಕಂಪನಿಯವರು ವರ್ಷಕ್ಕೊಮ್ಮೆ ಫಾರಿನ್ ಟೂರ್ ಕರೆದೊಯ್ಯುತ್ತಾರೆ. ಆ ಸಲ ಭಾವನಿಗೆ ಎರಡು ಜೋಡಿಗೆ ಟಿಕೆಟ್ ಸಿಕ್ಕಿತು. ತಮ್ಮನನ್ನೂ ನನ್ನನ್ನೂ ಕರೆದರು. ದೊಡ್ಡ ಮನಸ್ಸೇ ಸರಿ. ಆದರೆ ಆ ದೊಡ್ಡ ಮನಸ್ಸನ್ನು ಏರ್‌ಪೋರ್ಟಿನಲ್ಲಿ, ವಿಮಾನದಲ್ಲಿ, ಹೋಟೆಲಿನ ಲಿಫ್ಟಿನಲ್ಲಿ, ಎದುರು ಸಿಕ್ಕ ಡೀಲರಿಗೆಲ್ಲ ತೋರಿಸುತ್ತಿದ್ದರು. “ನನ್ ತಮ್ಮನ ಹೆಂಡ್ತಿ. ಎಮ್ಮೆಸ್ಸಿ. ಭದ್ರಾವತಿ ಕೂಲಿಯೋರ ಲೈನ್‌ಮನೆ ಹುಡುಗಿ. ನಾವು ಅದೆಲ್ಲ ನೋಡಲ್ಲ ಬಿಡಿ.”

ಹೊರಡುವ ಮೊದಲು ನನ್ನ ಸೆಕೆಂಡ್ ಪಿಯು ಮಕ್ಕಳು ನನಗೊಂದು ಕೆಲಸ ಹಚ್ಚಿದ್ದರು. ರೋಲರ್ ಕೋಸ್ಟರ್‌ಗಳ ವಿಡಿಯೋ ಬೇಡ, ಅದು ಮೊಬೈಲಿನಲ್ಲೇ ಸಿಗುತ್ತದೆ. ಯಾವುದು ಮೈಯನ್ನು ಎಲ್ಲಿ ಹೇಗೆ ಹೊಡೆಯುತ್ತದೆ ಎಂದು ಬರೆದು, ಹತ್ತಕ್ಕೆ ಅಂಕ ಹಾಕಿ ಗ್ರೂಪಿಗೆ ಕಳಿಸಬೇಕು ಎಂದು. ಬಲ, ವೇಗೋತ್ಕರ್ಷ ಎಂದು ಬೋರ್ಡಿನ ಮೇಲೆ ಬರೆಯುವ ನಾನು ಅಲ್ಲಿಯವರೆಗೆ ಜೈಂಟ್ ವೀಲ್ ಬಿಟ್ಟು ಬೇರೇನೂ ಹತ್ತಿರಲಿಲ್ಲ. ಒಪ್ಪಿಕೊಂಡೆ.

ಪಾರ್ಕು ಸಮುದ್ರದ ಹತ್ತಿರ. ಅಲ್ಲಿಯ ಬಿಸಿಲು ನಮ್ಮ ಏಪ್ರಿಲ್‌ನ ಬಿಸಿಲಿನಂತೆ ಒಣದಲ್ಲ. ಒದ್ದೆ ಕಂಬಳಿ ಹೊದಿಸಿ ಗುದ್ದಿದಂತಿತ್ತು. ಕೋಸ್ಟರ್‌ಗಳಿಗೆ ಏನೇನೋ ಹೆಸರಿದ್ದವು. ನಮ್ಮ ಗುಂಪು ತನ್ನದೇ ಹೆಸರಿಟ್ಟುಕೊಂಡಿತು: ಮರದ್ದು, ಕೆಂಪು, ನೇತಾಡೋದು, ಕರಿಯದು.

ಮರದ್ದಕ್ಕೆ ನಾನು, ಮಂಜು, ಭಾವ ಹತ್ತಿದೆವು. ಶೈಲಕ್ಕ ಬ್ಯಾಗು, ಕನ್ನಡಕ, ಚಪ್ಪಲಿಗಳನ್ನು ಕಾಯುತ್ತ ಕೆಳಗೆ ಕೂತಳು. ಅದರ ಬಗ್ಗೆ ಮಕ್ಕಳಿಗೆ ಹೀಗೆ ಬರೆದೆ: ಸ್ಪ್ರಿಂಗ್ ಇಲ್ಲದ ಟ್ರಾಕ್ಟರ್ ಟ್ರೈಲರಿನಲ್ಲಿ ನಿಮ್ಮನ್ನು ಕೂರಿಸಿ, ಕಟಾವಾದ ಗದ್ದೆಯ ಬದುಗಳ ಮೇಲೆ ಓಡಿಸಿದರೆ ಹೇಗೋ ಹಾಗೆ. ಇಡೀ ಚೌಕಟ್ಟು ಮುರಿದುಬೀಳುವಂತೆ ನರಳುತ್ತದೆ. ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಕುಟ್ಟಿ ನೋಡುತ್ತದೆ. ಒರಟು, ಆದರೆ ಮೋಸವಿಲ್ಲ. ಹತ್ತಕ್ಕೆ ನಾಲ್ಕು. ಮಂಜು ಇಳಿದವರೇ ಕಸದ ಡಬ್ಬಿಗೆ ವಾಂತಿ ಮಾಡಿ, ಅಲ್ಲಿಗೆ ತಮ್ಮ ಸವಾರಿ ಮುಗಿಸಿದರು.

ಕೆಂಪಿಗೆ ನಾನು ಮತ್ತು ಭಾವ. ಅದು ಏರಿ ಬೀಳುವುದಲ್ಲ. ಸುಮ್ಮನೆ ನಿಂತಿರುತ್ತದೆ, ಬೆಲ್ಟು ಬಿಗಿಯಾಯಿತೇ ಎಂದು ನೋಡಿಕೊಳ್ಳುತ್ತಿರುವಾಗ ಹಿಂದಿನಿಂದ ಒದೆ ಬೀಳುತ್ತದೆ. ತಲೆ ಸೀಟಿಗೆ ಬಡಿದು ಅಂಟಿಕೊಳ್ಳುತ್ತದೆ, ಕೆನ್ನೆಯ ಮಾಂಸ ಕಿವಿಯ ಕಡೆಗೆ ಓಡುತ್ತದೆ, ಒಂದು ಕ್ಷಣ ಕಣ್ಣು ಕಪ್ಪಾಗುತ್ತದೆ. ಕೂಗಬೇಕು ಅನ್ನುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಕಳ್ಳ ಹೊಡೆತ. ಏಳು ಅಂಕ ಕೊಟ್ಟೆ, ಆದರೆ ಅದು ನನಗೆ ಹಿಡಿಸಲಿಲ್ಲ ಎಂದೂ ಬರೆದೆ.

ನೇತಾಡೋದಕ್ಕೆ ಶೈಲಕ್ಕನನ್ನು ಎಬ್ಬಿಸಿದೆ. ಅವಳು ಭಾವನ ಮುಖ ನೋಡಿದಳು. ಹತ್ತಿರ ಬೇರೆ ಡೀಲರುಗಳಿದ್ದರು. “ಹೋಗು, ಹೋಗು. ಫಾರಿನ್ನಿಗೆ ಬಂದು ಚಪ್ಪಲಿ ಕಾಯ್ತಿದ್ಲು ಅಂತಾರೆ ಆಮೇಲೆ,” ಎಂದರು ಭಾವ. ಕಾಲು ಗಾಳಿಯಲ್ಲಿ ಜೋತುಬಿಟ್ಟುಕೊಂಡು ಹೋಗುವ ಕೋಸ್ಟರ್ ಅದು. ತಿರುಗಿಸಿ, ತಲೆಕೆಳಗು ಮಾಡಿ, ಮತ್ತೆ ತಿರುಗಿಸುತ್ತದೆ. ಹೆಗಲ ಮೇಲಿಂದ ಬರುವ ದಪ್ಪ ಪಟ್ಟಿಗಳ ನಡುವೆ ತಲೆ ಗಂಟೆಯ ನಾಲಗೆಯ ಹಾಗೆ ಹೊಯ್ದಾಡಿ, ಎರಡು ಕಿವಿಗೂ ಪಟಪಟ ಬಡಿಯುತ್ತದೆ. ಇಳಿದಾಗ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಅವಳ ಕಿವಿಗೆ ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದೆ. ಎಡಗಡೆಯದು ಬಿಡು, ಅದರಲ್ಲಿ ಹೋಗೋದು ಏನೂ ಉಳಿದಿಲ್ಲ ಎಂದು ನಕ್ಕಳು. ಮೂರು ಅಂಕ, ಸುಮ್ಮನೆ ಕಪಾಳಕ್ಕೆ ಹೊಡೆಸಿಕೊಳ್ಳಲು ಯಾರೂ ಸಾಲಿನಲ್ಲಿ ನಿಲ್ಲಬೇಡಿ ಎಂದು ಬರೆದೆ.

ಕರಿಯದು ಆ ಪಾರ್ಕಿನ ಯಜಮಾನ. ಗಾಜನೂರಿನ ಅಣೆಕಟ್ಟೆಯ ಮೇಲೆ ಇನ್ನೊಂದು ಅಣೆಕಟ್ಟೆ ಇಟ್ಟಷ್ಟು ಎತ್ತರ ಎಂದು ಭಾವ ಅಂದಾಜು ಹಾಕಿದರು. ನಾನೂ ಶೈಲಕ್ಕನೂ ಮುಂದಿನ ಸಾಲಿನಲ್ಲಿ ಕೂತೆವು. ಅದು ಸರಪಳಿಯ ಮೇಲೆ ಕಟಕಟ ಎನ್ನುತ್ತ ನಿಧಾನವಾಗಿ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ನಿಲ್ಲುತ್ತದೆ. ಸಮುದ್ರ ಕಾಣುತ್ತದೆ, ಕೆಳಗೆ ಜನ ಅಕ್ಕಿಕಾಳಿನಷ್ಟು ಕಾಣುತ್ತಾರೆ, ಗಾಳಿ ಕೂದಲು ಕೀಳುತ್ತದೆ. ಆಮೇಲೆ ನೆಲವೇ ಇಲ್ಲ. ಹೊಟ್ಟೆ ಗಂಟಲಿಗೆ ಬಂದು ಬಡಿಯುತ್ತದೆ, ಮೈಯ ಭಾರವೆಲ್ಲ ಮಾಯವಾಗಿ ಕೈಗಳು ತಾವಾಗಿಯೇ ಮೇಲಕ್ಕೇಳುತ್ತವೆ, ಕೆಳಗೆ ತಲುಪಿದಾಗ ಹೋದ ಭಾರವೆಲ್ಲ ಒಟ್ಟಿಗೇ ವಾಪಸು ಬಂದು ನಿಮ್ಮನ್ನು ಸೀಟಿಗೆ ಜಜ್ಜುತ್ತದೆ. ನಾನು ಕಿರುಚಿ ಗಂಟಲು ಹರಿದುಕೊಂಡೆ. ಪಕ್ಕದಲ್ಲಿ ಇನ್ನೊಂದು ಸದ್ದು ಕೇಳಿಸಿತು. ಶೈಲಕ್ಕ ನಗುತ್ತಿದ್ದಳು, ಹೊಟ್ಟೆಯಾಳದಿಂದ.

ಬ್ರೇಕು ಹಿಡಿದು, ಸುಟ್ಟ ವಾಸನೆ ಎದ್ದು, ಗಾಡಿ ನಿಂತಾಗ ಅವಳ ಕಣ್ಣಲ್ಲಿ ನೀರು. “ಇದು ಹೇಳಿ ಹೊಡಿಯುತ್ತೆ ಕಣೇ ಸುಧಾ,” ಎಂದಳು. “ಹತ್ತುವಾಗ್ಲೇ ಹೇಳುತ್ತೆ, ಈಗ ಹೊಡಿತೀನಿ ಅಂತ. ಹೊಡ್ದಾದ್ಮೇಲೆ ಬಿಟ್ಬಿಡುತ್ತೆ. ಇನ್ನೊಂದ್ಸಲ ಹೋಗೋಣ ಮಾರಾಯ್ತಿ.”

ಆಗ ನನಗೆ ಆ ಮಾತಿನ ಅರ್ಥ ಪೂರ್ತಿ ಆಗಲಿಲ್ಲ. ಇನ್ನೊಂದು ಸಲ ಹೊರಟಾಗ ಭಾವ ನನ್ನ ಜಾಗಕ್ಕೆ ಬಂದರು. ಈಗ ನಾನು ಕರೆದುಕೊಂಡು ಹೋಗ್ತೀನಿ ಎಂದು ಅವಳ ಎಡಗಡೆ ಕೂತರು. ನಾನು ಕೆಳಗೆ ನಿಂತು ನೋಡಿದೆ.

ಇಳಿದು ಬರುವ ದಾರಿಯಲ್ಲಿ ಒಂದು ಅಂಗಡಿ. ಬೀಳುವ ಹೊತ್ತಿಗೆ ಸರಿಯಾಗಿ ಮೇಲಿನ ಕ್ಯಾಮೆರಾ ಫೋಟೋ ತೆಗೆದಿರುತ್ತದೆ. ಅದನ್ನು ಅಲ್ಲಿ ದೊಡ್ಡ ಪರದೆಗಳ ಮೇಲೆ ತೋರಿಸಿ ಮಾರುತ್ತಾರೆ. ನಮ್ಮ ಎರಡು ಫೋಟೋಗಳೂ ಅಕ್ಕಪಕ್ಕದ ಪರದೆಯಲ್ಲಿದ್ದವು. ಒಂದರಲ್ಲಿ ನಾನೂ ಶೈಲಕ್ಕನೂ: ಇಬ್ಬರ ಕೈಯೂ ಮೇಲೆ, ಅವಳ ಬಾಯಿ ಇಷ್ಟಗಲ ತೆರೆದು ನಗುತ್ತಿದ್ದಾಳೆ. ಇನ್ನೊಂದರಲ್ಲಿ ಭಾವ ಎರಡೂ ಕೈ ಎತ್ತಿ ಸಿನಿಮಾ ಹೀರೋ ಥರ ಇದ್ದಾರೆ. ಪಕ್ಕದಲ್ಲಿ ಅವಳು ಗದ್ದ ಎದೆಗೆ ಒತ್ತಿಕೊಂಡು, ಕಣ್ಣು ಹಿಂಡಿ ಮುಚ್ಚಿ, ಎಡಗೈ ಮಡಚಿ, ಮೊಣಕೈಯನ್ನು ಕಿವಿಗೂ ಕೆನ್ನೆಗೂ ಅಡ್ಡ ಹಿಡಿದಿದ್ದಾಳೆ.

ಗುಂಪು ನಕ್ಕಿತು. ನಾನು ಎರಡು ಪರದೆಗಳನ್ನೂ ಮತ್ತೆ ಮತ್ತೆ ನೋಡಿದೆ. ಅದೇ ಗಾಡಿ, ಅದೇ ಇಳಿಜಾರು, ಅದೇ ಹೆಂಗಸು. ಅಲ್ಲಿ ಮೈಮೇಲೆ ಬೀಳುವ ಹೊಡೆತವೆಲ್ಲ ಮೇಲಿನಿಂದ ಮತ್ತು ಕೆಳಗಿನಿಂದ. ಪಕ್ಕದಿಂದ ಏನೂ ಬರುವುದಿಲ್ಲ, ಇದು ನನಗೆ ಗೊತ್ತಿರುವ ವಿಷಯ. ಎಡಗಡೆ ಇದ್ದದ್ದು ಗಂಡನ ಎತ್ತಿದ ಬಲಗೈ ಒಂದೇ.

ಭಾವ ತಮ್ಮ ಫೋಟೋ ಕೊಂಡರು. ನಮ್ಮಿಬ್ಬರದು ದಂಡ ಎಂದು ಬಿಟ್ಟರು.

ಸಂಜೆಯ ಊಟದಲ್ಲಿ ದಾವಣಗೆರೆಯ ಒಬ್ಬ ಡೀಲರು ಭಾವನ ಬೆನ್ನು ತಟ್ಟಿ, ನಿಮ್ಮ ಮಿಸೆಸ್ಸು ಭಾರಿ ಗಟ್ಟಿ, ಆ ನಗು ಕೆಳಗಿನವರೆಗೆ ಕೇಳಿಸ್ತಿತ್ತು, ನಿಮಗಿಂತ ಅವರೇ ಜೋರು ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು, ಭಾವನೂ ನಕ್ಕರು. ಮರುದಿನ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಶೈಲಕ್ಕ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಒಂದೇ ಬದಿಯಲ್ಲಿ ಅಗಿಯುತ್ತಿದ್ದಳು. ತುಟಿಯ ಒಳಗೆ ಸೀಳಿತ್ತು. ನಾನು ಸುತ್ತುಬಳಸಿ ಮಾತಾಡುವವಳಲ್ಲ. ಕಿವಿಯನ್ನೂ ಭಾವನೇ ಒಡೆದದ್ದೇ ಎಂದು ನೇರವಾಗಿ ಕೇಳಿದೆ. ಅವಳು ಸುತ್ತ ನೋಡಿ, ಹೌದು ಎಂದಳು. ಮಗಳು ಹೊಟ್ಟೆಯಲ್ಲಿದ್ದಾಗ. ಅಡುಗೆಮನೆಯಲ್ಲಿ ನಿಂತಿದ್ದಾಗ, ಯಾವ ಮಾತೂ ಇಲ್ಲದೆ, ಹಿಂದಿನಿಂದ ಬಂದು.

ನಮ್ಮ ಮನೆಗೆ ಬಂದುಬಿಡು ಎಂದೆ. ಮಗಳ ಪರೀಕ್ಷೆ ಮುಗಿಯಲಿ ಎಂದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಕುಮಾರಂಗೆ ಮಾತ್ರ ಗೊತ್ತಾಗ್ಬಾರ್ದು. ಅವ್ನ ಕೈ ನಿಂಗೊತ್ತಿಲ್ಲ. ಗೊತ್ತಾದ್ರೆ ಇವ್ರನ್ನ ಕೊಂದೇ ಹಾಕ್ತಾನೆ. ಅವ್ನೂ ಹಾಳಾಗ್ತಾನೆ.” ನಾನು ಮಾತು ಕೊಟ್ಟೆ.

ಮಂಜುಗೆ ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತು. ಅಣ್ಣನ ಕೋಪ ಹಾಗೇ, ಅಪ್ಪನದೂ ಹಾಗೇ ಇತ್ತು, ಅಮ್ಮ ಸಹಿಸಿಕೊಂಡು ಬಂದಳು ಎಂದು ಹವಾಮಾನ ಹೇಳುವವರ ಹಾಗೆ ಹೇಳಿದರು. ಕೋಪ ಅಂದರೆ ಅಂಗಡಿಗೆ ಬಂದ ಗಿರಾಕಿಗೂ ಹೊಡೆಯಬೇಕಿತ್ತು, ಅಲ್ಲಿ ಕೈ ಹೇಗೆ ಕಟ್ಟಿಕೊಂಡಿರುತ್ತದೆ ಎಂದು ಕೇಳಿದೆ.

ಊರಿಗೆ ಬಂದ ಮೇಲೆ ಭಾವ ಆ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು ಟೀಪಾಯಿಯಷ್ಟು ದೊಡ್ಡದು ಮಾಡಿಸಿದರು. ದಪ್ಪ ಗಾಜು, ಬಂಗಾರದ ಬಣ್ಣದ ಫ್ರೇಮು. ಗೋಪಾಳದ ಮನೆಯ ಹಾಲ್‌ನಲ್ಲಿ, ಸೋಫಾದ ಮೇಲೆ, ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣುವಂತೆ ಹೊಡೆಸಿದರು. ಫಾರಿನ್ನಿಗೆ ಹೋಗಿ ಬಂದ ಮನೆಯಲ್ಲಿ ಬಂದವರಿಗೆಲ್ಲ ಫೋಟೋ ತೋರಿಸಿಯೇ ಕಾಫಿ ಕೊಡುವುದು ನಮ್ಮ ಕಡೆಯ ರೂಢಿ. ಭಾವ ಫ್ರೇಮಿನ ಕೆಳಗೆ ನಿಂತು, ಎಷ್ಟು ಎತ್ತರ, ಎಷ್ಟು ಜೋರು, ತಾನು ಹೇಗೆ ಕೈ ಬಿಟ್ಟು ಕೂತಿದ್ದೆ ಎಂದು ವಿವರಿಸುತ್ತಿದ್ದರು. ಆ ಫೋಟೋದಲ್ಲಿ ಅವರಿಗೆ ಕಾಣುತ್ತಿದ್ದದ್ದು ಅವರೊಬ್ಬರೇ.

ಬಂದ ಗಂಡಸರು ನಗುತ್ತಿದ್ದರು. ಹೆಂಗಸರು ಹಾಗಲ್ಲ. ನಗುತ್ತ ತಲೆ ಎತ್ತಿದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆಮೇಲೆ ಕಾಫಿ ತಂದ ಶೈಲಕ್ಕನ ಮುಖವನ್ನು ನೋಡದೆ ಲೋಟ ತೆಗೆದುಕೊಳ್ಳುತ್ತಿದ್ದರು. ಇದನ್ನು ನಾನು ಬೇಕಾದಷ್ಟು ಸಲ ನೋಡಿದೆ. ಅತ್ತೆಗೂ ತಿಳಿದಿತ್ತು. ಒಮ್ಮೆ ಕ್ಯಾಲೆಂಡರನ್ನು ತಂದು ಸರಿಯಾಗಿ ಸೊಸೆಯ ಮೇಲೆ ಬರುವಂತೆ ಫ್ರೇಮಿಗೆ ನೇತುಹಾಕಿದರು. ಭಾವ ಬಂದವರೇ ಅದನ್ನು ಕಿತ್ತು, ತಿಥಿ ನೋಡಲು ಬೇರೆ ಗೋಡೆ ಇಲ್ಲವೇ ಎಂದು ರೇಗಿದರು.

ಮಳೆ ಹಿಡಿಯಿತು. ಆ ವರ್ಷ ಬಂದದ್ದು ಜಿಟಿಜಿಟಿ ಮಳೆಯಲ್ಲ. ಹೊಡೆದು, ನಿಂತು, ಮತ್ತೆ ಹೊಡೆಯುವ ಮಳೆ. ಗಾಜನೂರಿನಲ್ಲಿ ಗೇಟು ಎತ್ತಿದರು, ತುಂಗೆ ಕೆಂಪಾಗಿ ಸೇತುವೆಯ ಕಂಬಗಳಿಗೆ ಅಪ್ಪಳಿಸಿಕೊಂಡು ಹೋಗುತ್ತಿದ್ದಳು. ಪಂಚಮಿಯ ಹಿಂದಿನ ಭಾನುವಾರ ಶೈಲಕ್ಕನನ್ನು ತವರಿಗೆ ಕರೆದೊಯ್ಯಲು ಕುಮಾರ ಬಂದ. ಭದ್ರಾವತಿಯ ಲೇತ್ ಅಂಗಡಿಯಲ್ಲಿ ಕೆಲಸ ಅವನದು. ದಪ್ಪ ಕುತ್ತಿಗೆ, ಬೆರಳ ಸಂದಿಯಲ್ಲಿ ಹೋಗದ ಎಣ್ಣೆಕಪ್ಪು, ಮಾತು ಕಡಿಮೆ. ಹಬ್ಬಕ್ಕೆ ಮೊದಲು ಶೈಲಕ್ಕನನ್ನು ನೋಡಿ ಹೋಗೋಣವೆಂದು ನಾನೂ ಮಂಜುವೂ ಅಲ್ಲಿಗೆ ಹೋಗಿದ್ದೆವು. ಟೂರಿನ ನಂತರ ಕುಮಾರ ಆ ಮನೆಗೆ ಬಂದದ್ದು ಅದೇ ಮೊದಲು. ಫ್ರೇಮು ನೋಡುತ್ತಾನೆಂದು ಹೆದರಿದೆ. ಅವನು ಸೋಫಾದಲ್ಲಿ ಅದಕ್ಕೆ ಬೆನ್ನು ಹಾಕಿ ಕೂತ. ಬಚಾವಾದೆವು ಅಂದುಕೊಂಡೆ.

ಭಾವನೇ ಅವನನ್ನು ಎಬ್ಬಿಸಿದರು. ಬಾರಯ್ಯ, ನಿನ್ನಕ್ಕನ ಶೌರ್ಯ ನೋಡು ಎಂದು ಭುಜ ಹಿಡಿದು ಫ್ರೇಮಿನ ಎದುರು ನಿಲ್ಲಿಸಿದರು. ಮತ್ತೆ ಅದೇ ಎತ್ತರ, ಅದೇ ವೇಗ. ಹೆದರುಪುಕ್ಕಲಿ, ಹೇಗೆ ಮುದುರಿಕೊಂಡಿದ್ದಾಳೆ ನೋಡು ಎಂದರು. ಶೈಲಕ್ಕ ಅಡುಗೆಮನೆ ಬಾಗಿಲಲ್ಲಿ ಚಕ್ಕುಲಿಯ ತಟ್ಟೆ ಹಿಡಿದು ನಿಂತಿದ್ದಳು.

ಕುಮಾರ ತುಂಬಾ ಹೊತ್ತು ನೋಡಿದ. ಹೊರಗೆ ಮಳೆ ಶೀಟಿನ ಮೇಲೆ ಕಲ್ಲೆಸೆದಂತೆ ಬೀಳುತ್ತಿತ್ತು.

“ಭಾವ, ಈ ಕಡೆ ಕೂತಿರೋದು ನೀವಲ್ವಾ?”

“ನಾನೇ ಕಣಯ್ಯ. ಮತ್ತಿನ್ಯಾರು?”

“ಹಂಗಾದ್ರೆ ಅಕ್ಕ ಕೈ ಅಡ್ಡ ಹಿಡ್ದಿರೋದು ಯಾರಿಗೆ?”

ಭಾವ ನಗಲು ಬಾಯಿ ತೆರೆದು ಫೋಟೋ ಕಡೆ ತಿರುಗಿದರು. ಅವರು ಅದನ್ನು ನಿಜವಾಗಿ ನೋಡಿದ್ದು ಆಗಲೇ. ಅವರ ಕಿವಿ ಕೆಂಪಾಗುವುದನ್ನು ನಾನು ಕಂಡೆ. ತಿಂಗಳುಗಟ್ಟಲೆ ಬಂದವರಿಗೆಲ್ಲ ತಾನೇ ಏನನ್ನು ತೋರಿಸುತ್ತಿದ್ದೆ ಎಂದು ತಿಳಿದ ಮನುಷ್ಯ ಏನು ಮಾಡಬಹುದೋ, ನನಗೆ ಗೊತ್ತಿಲ್ಲ. ಅವರು ಮಾಡಿದ್ದು ಇದು. ಎರಡೂ ಕೈಯಲ್ಲಿ ಫ್ರೇಮನ್ನು ಮೊಳೆ ಸಮೇತ ಕಿತ್ತರು. “ನನ್ ಮರ್ಯಾದೆ ತೆಗೀಬೇಕಂತಲೇ ಹಿಂಗ್ ಕೂತಿದ್ದೇನೇ?” ಎನ್ನುತ್ತ ಬೀಸಿದರು.

ಶೈಲಕ್ಕನ ಎಡಗೈ ಮೊಣಕೈ ಮಡಚಿ ಮೇಲೆದ್ದಿತು. ಫ್ರೇಮಿನ ಅಂಚು ಅದಕ್ಕೆ ಬಡಿದು, ಗಾಜು ಒಡೆದು, ಒಂದು ದೊಡ್ಡ ಚೂರು ಮುಂಗೈಯನ್ನು ಉದ್ದಕ್ಕೂ ಸೀಳಿತು. ಒಳಗೆ ಬೆಳ್ಳಗಿನದು ಏನೋ ಕಂಡಿತು, ಆಮೇಲೆ ರಕ್ತ ಅದನ್ನು ಮುಚ್ಚಿತು. ಚಕ್ಕುಲಿಗಳು ನೆಲದ ಮೇಲೆ ಉರುಳಿದವು. ಅವಳು ಕೂಗಲಿಲ್ಲ.

ಕೂಗಿದ್ದು ಭಾವ. ಕುಮಾರ ಅವರ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದಿದ್ದ. ಗುದ್ದಿನ ಸದ್ದು ಸಿನಿಮಾದಲ್ಲಿ ಕೇಳುವಂಥದಲ್ಲ; ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಸದ್ದು. ಎರಡನೇ ಗುದ್ದಿಗೆ ಹಲ್ಲು ಬಿದ್ದಿತು. ಮೂರನೆಯದಕ್ಕೆ ಭಾವ ಹಾಲ್‌ನಲ್ಲಿ ತೂಗುಹಾಕಿದ್ದ ಉಯ್ಯಾಲೆಯ ಸರಪಳಿಗೆ ಬಡಿದು ಕೆಳಗೆ ಬಿದ್ದರು. ಮಂಜು ಹಿಂದಿನಿಂದ ಹಿಡಿಯಲು ಹೋಗಿ ಗೋಡೆಗೆ ಎಸೆಯಲ್ಪಟ್ಟರು. ಕುಮಾರ ನಿಲ್ಲಲಿಲ್ಲ. ಬಿದ್ದವರ ಪಕ್ಕೆಗೆ ಒದ್ದ, ಮುಖಕ್ಕೆ ಒದ್ದ. ಭಾವ ಮುದುರಿಕೊಂಡು ಮೊಣಕೈಯನ್ನು ತಲೆಗೆ ಅಡ್ಡ ಹಿಡಿದಿದ್ದರು. ಕುಮಾರ ಆ ಕೈಯನ್ನು ಕಾಲಿನಿಂದ ಸರಿಸಿ ಮತ್ತೆ ಒದ್ದ. ಅವನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ದಿನಾ ಮಾಡುವ ಕೆಲಸ ಮಾಡುತ್ತಿರುವವನ ಹಾಗಿದ್ದ. ಅತ್ತೆ ಅವನ ಕಾಲು ಹಿಡಿಯಲು ತೆವಳುತ್ತಿದ್ದರು.

ಸಾಕು ಕುಮಾರ, ಸಾಕು ಎನ್ನುತ್ತಲೇ ಶೈಲಕ್ಕ ನಡುವೆ ಬಂದಳು. ಎಡಗೈ ಜೋತುಬಿದ್ದಿತ್ತು, ಎತ್ತಲು ಆಗುತ್ತಿರಲಿಲ್ಲ. ಅವನ ಮುಂದಿನ ಏಟು ಅವಳ ಹೆಗಲಿಗೆ ಬಿತ್ತು. ಅವಳು ಕೂತುಬಿಟ್ಟಳು. ಆಗ ಅವನು ನಿಂತ.

ನನ್ನ ಸೆರಗು ಹರಿದು ಅವಳ ಕೈಗೆ ಬಿಗಿದೆ. ಎರಡು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಭಾವನ ದವಡೆ ಮುರಿದಿತ್ತು, ಪಕ್ಕೆಲುಬು ಮುರಿದಿತ್ತು. ಶೈಲಕ್ಕನ ಕೈಯ ನರ ತುಂಡಾಗಿತ್ತು.

ಹೊಡೆದಾಟದ ಗಾಯ ಅಂದರೆ ಆಸ್ಪತ್ರೆಯವರೇ ಪೊಲೀಸರಿಗೆ ಹೇಳುತ್ತಾರೆ. ಅವರು ಬರುವ ಮೊದಲೇ ಹೊಳಲೂರಿನಿಂದ ಹಿರಿಯರು ಬಂದರು. ಭದ್ರಾವತಿಯಿಂದ ಕುಮಾರನ ಹೆಂಡತಿ ಲತಾ ಬಂದಳು. ಕಾರಿಡಾರಿನಲ್ಲಿ ಬೇಗ ಬೇಗ ರಾಜಿ ತಯಾರಾಯಿತು. ಫ್ರೇಮು ಮೊಳೆ ಕಿತ್ತುಕೊಂಡು ಶೈಲಾಳ ಕೈಮೇಲೆ ಬಿತ್ತು. ರಾಜಶೇಖರ ಮಳೆಯಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದ. ಇಬ್ಬರೂ ಹೀಗೇ ಹೇಳಿದರೆ ಯಾರ ಮೇಲೂ ಕೇಸಿಲ್ಲ. ಅವಳು ಗಂಡನ ಹೆಸರು ಹೇಳಿದರೆ ಅವರು ಕುಮಾರನ ಹೆಸರು ಹೇಳುತ್ತಾರೆ; ದವಡೆ ಮುರಿದದ್ದಕ್ಕೆ ಅವನು ಜೈಲಿಗೆ ಹೋಗುತ್ತಾನೆ. ತಮ್ಮ ಬೇಕೋ ಬೇಡವೋ ನೀನೇ ಯೋಚಿಸು ಎಂದು ಹಿರಿಯರೊಬ್ಬರು ಬಹಳ ಮೆತ್ತಗೆ ಹೇಳಿದರು. ಲತಾ ತೋಳು ಮುಚ್ಚುವಂತೆ ಸೆರಗು ಹೊದ್ದು ಕೈ ಮುಗಿದು ನಿಂತಳು. ಕುಮಾರನ ಸಂಬಳದಲ್ಲಿ ಅವರ ಮನೆ ನಡೆಯುತ್ತಿತ್ತು.

ಶೈಲಕ್ಕ ಹಾಸಿಗೆಯಲ್ಲಿ ಸೂರು ನೋಡುತ್ತ ಮಲಗಿದ್ದಳು. ಮುಂದಿನ ಸಲ ಅವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ತಮ್ಮನಿಗೋಸ್ಕರ ಜಾರಿಬಿದ್ದ ಕತೆಯನ್ನೇ ಹೇಳುತ್ತಾಳೆ ಎಂದೂ ಅನಿಸಿತ್ತು. ಪೊಲೀಸ್ ಮೇಡಂ ಬಂದು ಸ್ಟೂಲ್ ಎಳೆದುಕೊಂಡು ಕೂತು, ಏನಾಯ್ತಮ್ಮ ಎಂದರು. ವಯಸ್ಸಾದ ಹೆಂಗಸು, ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗಂಡ ಹೊಡ್ದ,” ಎಂದಳು ಶೈಲಕ್ಕ. “ತಮ್ಮನೂ ಹೊಡ್ದ. ಎರಡೂ ಬರ್ಕೊಳ್ಳಿ.”

ಮೇಡಂ ಪೆನ್ನು ನಿಲ್ಲಿಸಿದರು. ತಮ್ಮ ನಿಮ್ಮನ್ನ ಕಾಪಾಡೋಕೆ ಹೋಗಿದ್ದಲ್ಲವೇ, ಅದನ್ನು ಹಾಗೇ ಬರೆಯಬಹುದು ಎಂದು ದಾರಿ ತೋರಿಸಿದರು.

“ಮೊದಲ್ನೇ ಏಟು ನಂಗೋಸ್ಕರ ಇರ್ಬಹುದು. ಬಿದ್ದೋನಿಗೆ ಒದ್ದಿದ್ದು ನಂಗೋಸ್ಕರ ಅಲ್ಲ. ನಾನು ನೋಡಿದೀನಿ ಮೇಡಂ. ಬರ್ಕೊಳ್ಳಿ.”

ಬಾಗಿಲಲ್ಲಿ ನಿಂತಿದ್ದ ಲತಾ ಗೋಡೆಗೆ ತಲೆ ಚಚ್ಚಿಕೊಂಡಳು. ಸಾಕಿದ ಕೈಯಲ್ಲೇ ಕುತ್ತಿಗೆ ಕುಯ್ದೆಯಲ್ಲ, ನನ್ನ ಮನೆ ಹಾಳು ಮಾಡಿದೆಯಲ್ಲ ಎಂದು ಆಸ್ಪತ್ರೆ ಕೇಳುವಂತೆ ಶಪಿಸಿದಳು. ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಮೇಡಂ ಕೇಳಿದರು. ಮಂಜು ನನ್ನ ಕೈ ಒತ್ತಿದರು. ನಾನು ಕೈ ಬಿಡಿಸಿಕೊಂಡು ಹೋಗಿ ಎರಡನ್ನೂ ಹೇಳಿ ಸಹಿ ಹಾಕಿದೆ. ಹೆಸರಿನ ಮುಂದೆ ಎಂ.ಎಸ್ಸಿ. ಎಂದೂ ಬರೆದೆ. ಅಷ್ಟು ಓದಿದ್ದು ಅಂಥ ಕಡೆ ಬರೆಯಲಿಕ್ಕೇ.

ಇಬ್ಬರ ಮೇಲೂ ಕೇಸಾಯಿತು. ಭಾವ ಆಸ್ಪತ್ರೆಯಿಂದ, ಕುಮಾರ ಮನೆಯಿಂದ ಜೈಲಿಗೆ ಹೋದರು. ಗೋಪಾಳದ ಮನೆ ಶೈಲಕ್ಕನಿಗೆ ಮುಚ್ಚಿತು, ತವರೂ ಮುಚ್ಚಿತು. ನಮ್ಮ ವಿನೋಬನಗರದ ಎರಡು ರೂಮಿನ ಮನೆಗೆ ಒಂದು ಚೀಲ ಹಿಡಿದು ಬಂದಳು. ಮಂಜು ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ತಾವೇ ಹೋಗಿ ಅವಳಿಗೊಂದು ಮಂಚ ತಂದರು. ಅವಳ ಎಡಗೈಯ ಎರಡು ಬೆರಳು ಮಡಚುವುದನ್ನು ಮರೆತಿದ್ದವು. ಒಂದೇ ಕೈಯಲ್ಲಿ ಅಕ್ಕಿ ತೊಳೆಯುವುದನ್ನು ಕಲಿತಳು. ಮಾತು ಕಡಿಮೆ ಮಾಡಿದಳು. ಕುಮಾರ ಜಾಮೀನಿನ ಮೇಲೆ ಹೊರಗೆ ಬಂದ ಸುದ್ದಿ ಬಂದ ದಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಭದ್ರಾವತಿಯ ಬಸ್ಸು ಹತ್ತದೆ ವಾಪಸು ಬಂದಳು. ತಾನು ಮಾಡಿದ್ದು ತಪ್ಪೇ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಆದರೆ ರೊಟ್ಟಿ ತಟ್ಟುತ್ತಿದ್ದವಳ ಕೈ ಎಷ್ಟೋ ಸಲ ಸುಮ್ಮನೆ ನಿಂತುಬಿಡುತ್ತಿತ್ತು.

ಗಣಪತಿ ಹಬ್ಬ ಕಳೆದು ಮಳೆ ಹಿಂದಕ್ಕೆ ಸರಿಯುತ್ತಿದ್ದ ಒಂದು ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಲತಾ. ಜಗಳಕ್ಕೆ ಬಂದಿದ್ದಾಳೆ ಎಂದು ಬಾಗಿಲಿಗೆ ಅಡ್ಡ ನಿಂತೆ. ಶೈಲಕ್ಕ ಒಳಗಿನಿಂದಲೇ ನೋಡಿ, ಬಿಡು ಸುಧಾ, ಬೈಯಲಿ, ಅವಳಿಗೆ ಹಕ್ಕಿದೆ ಎಂದಳು.

ಲತಾ ಬೈಯಲಿಲ್ಲ. ಒಳಗೆ ಬಂದು ನೆಲದ ಮೇಲೆ ಕೂತಳು, ಕೊಟ್ಟ ನೀರು ಕುಡಿದಳು. ಆಮೇಲೆ ತೋಳಿನ ಸೆರಗು ಸರಿಸಿದಳು. ಹೆಗಲಿನಿಂದ ಮೊಣಕೈವರೆಗೆ ಬೆಲ್ಟಿನ ಬರೆಗಳು, ಒಣಗಿದ ಹಳೆಯವು, ಅವುಗಳ ಮೇಲೆ ನಿನ್ನೆ ಮೊನ್ನೆಯವು.

“ಅತ್ತಿಗೆ,” ಎಂದು ಕೇಳಿದಳು, “ಆ ಪೊಲೀಸ್ ಮೇಡಂ ಯಾವ ಹೊತ್ತಲ್ಲಿ ಸಿಗ್ತಾರೆ?”